ಕೆನಡಾದಲ್ಲಿ ಕೆಲಸ ಮಾಡುವವರ ಹಕ್ಕುಗಳು: ಆಫರ್ ಲೆಟರ್‌ನಿಂದ ಕೊನೆಯ ಸಂಬಳದವರೆಗೆ

ಕೆನಡಾದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಾರ್ಮಿಕ ಕಾನೂನು ಇಲ್ಲ. ಇದು ಗೊತ್ತಿಲ್ಲದೆ ವಾಟ್ಸಾಪ್ ಗುಂಪಿನ ಸಲಹೆ ನಂಬಿ ಎಡವುವವರು ಜಾಸ್ತಿ. ವ್ಯಾಂಕೂವರ್‌ನಲ್ಲಿರುವ ಗೆಳೆಯ "ವರ್ಷಕ್ಕೆ ಐದು ದಿನ ಸಿಕ್ ಲೀವ್‌ಗೆ ಸಂಬಳ ಕೊಡಲೇಬೇಕು" ಅಂತಾನೆ. ಅವನು ಹೇಳಿದ್ದು ಸರಿ. ಟೊರೊಂಟೊದ ಬ್ಯಾಂಕಿನಲ್ಲಿರುವ ಅಕ್ಕ "ನಮಗೆ ಹತ್ತು ದಿನ" ಅಂತಾರೆ. ಅದೂ ಸರಿ. ಬ್ರಾಂಪ್ಟನ್‌ನ ಗೋದಾಮಿನಲ್ಲಿ ದುಡಿಯುವ ನಿಮಗೆ ಮಾತ್ರ ಕಾನೂನಿನ ಪ್ರಕಾರ ಸಿಗುವುದು ಮೂರು ದಿನ, ಅದೂ ಸಂಬಳವಿಲ್ಲದೆ.

ಟೊರೊಂಟೊ, ಮಿಸಿಸಾಗಾ, ಬ್ರಾಂಪ್ಟನ್, ವಾಟರ್ಲೂ ಸುತ್ತಮುತ್ತ ಕನ್ನಡಿಗರು ಬಹಳ ಮಂದಿ ಇರುವುದರಿಂದ ಇಲ್ಲಿ ಒಂಟಾರಿಯೊ ಪ್ರಾಂತ್ಯದ ನಿಯಮಗಳನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಕೇಂದ್ರ ಸರ್ಕಾರದ ನಿಯಮ ಬೇರೆ ಇದ್ದ ಕಡೆ ಅದನ್ನೂ ಹೇಳುತ್ತೇನೆ.

ಹೆಜ್ಜೆ 1: ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ಅಂತ ನೋಡಿ

ಬ್ಯಾಂಕು, ಟೆಲಿಕಾಂ, ವಿಮಾನಯಾನ, ಪ್ರಾಂತ್ಯದ ಗಡಿ ದಾಟುವ ರೈಲು ಮತ್ತು ಟ್ರಕ್ ಸಾಗಣೆ, ರೇಡಿಯೊ, ಟಿವಿ, ಬಂದರು ಇವೆಲ್ಲ ಕೇಂದ್ರದ ವ್ಯಾಪ್ತಿಗೆ ಬರುತ್ತವೆ. ಇವಕ್ಕೆ ಕೆನಡಾ ಲೇಬರ್ ಕೋಡ್. ಉಳಿದ ಬಹುತೇಕ ಎಲ್ಲರೂ ತಾವು ಕೆಲಸ ಮಾಡುವ ಪ್ರಾಂತ್ಯದ ಕಾನೂನಿನಡಿ ಬರುತ್ತಾರೆ. ಒಂಟಾರಿಯೊದಲ್ಲಿ ಅದು ಎಂಪ್ಲಾಯ್‌ಮೆಂಟ್ ಸ್ಟ್ಯಾಂಡರ್ಡ್ಸ್ ಆಕ್ಟ್, 2000. ಎಲ್ಲರೂ ಇಎಸ್‌ಎ ಅಂತಲೇ ಕರೆಯುತ್ತಾರೆ.

ನಮ್ಮ ಐಟಿಯವರು ಇಲ್ಲೊಂದು ಕಡೆ ಗೊಂದಲ ಮಾಡಿಕೊಳ್ಳುತ್ತಾರೆ. ಟೊರೊಂಟೊದ ಬೇ ಸ್ಟ್ರೀಟ್‌ನ ಬ್ಯಾಂಕ್ ಕಟ್ಟಡದಲ್ಲಿ ಕೂತು, ಬ್ಯಾಂಕಿನ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡಿದರೂ ಸಂಬಳ ಕೊಡುವುದು ಕನ್ಸಲ್ಟಿಂಗ್ ಕಂಪನಿಯಾದರೆ ನೀವು ಸಾಮಾನ್ಯವಾಗಿ ಪ್ರಾಂತ್ಯದ ಕಾನೂನಿನಡಿ ಇರುತ್ತೀರಿ. ಪಕ್ಕದ ಕುರ್ಚಿಯ ಬ್ಯಾಂಕ್ ನೌಕರ ಕೇಂದ್ರದ ಕಾನೂನಿನಡಿ ಇರುತ್ತಾನೆ. ಆದ್ದರಿಂದ ಮೊದಲು ಪೇ ಸ್ಟಬ್ (ಸಂಬಳದ ಚೀಟಿ) ತೆಗೆದು ಅದರ ಮೇಲೆ ಯಾವ ಕಂಪನಿಯ ಹೆಸರಿದೆ ನೋಡಿ.

ಯೂನಿಯನ್ ಇರುವ ಕೆಲಸವಾದರೆ ದಾರಿಯೇ ಬೇರೆ. ದೂರನ್ನು ಸಾಮಾನ್ಯವಾಗಿ ಯೂನಿಯನ್ ಮೂಲಕ ಗ್ರೀವನ್ಸ್ (ಯೂನಿಯನ್ ಒಪ್ಪಂದದಡಿಯ ದೂರು) ಆಗಿ ಹಾಕಬೇಕು, ನೇರವಾಗಿ ಸರ್ಕಾರಕ್ಕೆ ಅಲ್ಲ. ಇದಕ್ಕಿರುವ ಗಡುವು ಬಹಳ ಚಿಕ್ಕದಿರುತ್ತದೆ. ಯೂನಿಯನ್ ಸ್ಟೀವರ್ಡ್ (ಕೆಲಸದ ಜಾಗದ ಯೂನಿಯನ್ ಪ್ರತಿನಿಧಿ) ಯಾರು ಅಂತ ಮೊದಲ ವಾರವೇ ತಿಳಿದುಕೊಳ್ಳಿ.

ಹೆಜ್ಜೆ 2: ನೀವು ನೌಕರರಾ, ಕಾಂಟ್ರಾಕ್ಟರಾ?

"ಒಂದು ಕಾರ್ಪೊರೇಷನ್ ತೆರೆದುಕೊಂಡು ಬಾ, ಟ್ಯಾಕ್ಸ್ ಕಮ್ಮಿ ಆಗತ್ತೆ." ಟ್ರಕ್ ಓಡಿಸುವವರು, ಕೊರಿಯರ್ ಡೆಲಿವರಿಯವರು, ಐಟಿಯವರು ಮೂರೂ ಕಡೆ ಈ ಮಾತು ಕೇಳುತ್ತಾರೆ. ಟ್ರಕ್ ವಲಯದಲ್ಲಿ ಇದಕ್ಕೆ 'ಡ್ರೈವರ್ ಇಂಕ್' ಅಂತ ಹೆಸರೇ ಬಿದ್ದಿದೆ. ಟ್ರಕ್ ಕಂಪನಿಯದು, ರೂಟ್ ಕಂಪನಿಯದು, ಯಾವಾಗ ಹೊರಡಬೇಕು ಅಂತ ಹೇಳುವುದೂ ಕಂಪನಿಯೇ. ಆದರೂ ಕಾಗದದಲ್ಲಿ ಚಾಲಕ 'ಸ್ವತಂತ್ರ ಉದ್ಯಮಿ'. ಹೀಗಾದಾಗ ಓವರ್‌ಟೈಮ್ ಇಲ್ಲ, ರಜೆ ಹಣ ಇಲ್ಲ, ಸಿಪಿಪಿಗೆ (ಸರ್ಕಾರಿ ಪಿಂಚಣಿ ಯೋಜನೆ) ಕಂಪನಿಯ ಪಾಲು ಇಲ್ಲ. ಕೆಲಸ ಹೋದರೆ ಇಐ (ಕೇಂದ್ರದ ಉದ್ಯೋಗ ವಿಮೆ) ಕೂಡ ಇಲ್ಲ.

ಕಾನೂನು ಕಾಗದದ ಹೆಸರು ನೋಡುವುದಿಲ್ಲ, ನಿಜವಾದ ಸಂಬಂಧ ನೋಡುತ್ತದೆ. ಕೆಲಸದ ರೀತಿ, ಸಮಯ ಯಾರು ನಿರ್ಧರಿಸುತ್ತಾರೆ? ಸಲಕರಣೆ ಯಾರದ್ದು? ಲಾಭ ನಷ್ಟದ ಅಪಾಯ ನಿಮ್ಮ ತಲೆ ಮೇಲಿದೆಯಾ? ನಿಮ್ಮ ಬದಲು ಬೇರೆಯವರನ್ನು ಕಳಿಸಬಹುದಾ? ನೌಕರನನ್ನು ಕಾಂಟ್ರಾಕ್ಟರ್ ಅಂತ ತೋರಿಸುವುದನ್ನು ಇಎಸ್‌ಎ ನೇರವಾಗಿ ನಿಷೇಧಿಸುತ್ತದೆ.

ಸಂಶಯ ಇದ್ದರೆ ಮಾಡಬಹುದಾದ ಒಂದು ಸುಲಭ ಕೆಲಸ ಇದೆ. ಕೇಂದ್ರದ ತೆರಿಗೆ ಇಲಾಖೆಯಾದ ಕೆನಡಾ ರೆವೆನ್ಯೂ ಏಜೆನ್ಸಿಗೆ ಸಿಪಿಟಿ1 ಎಂಬ ಅರ್ಜಿ ಹಾಕಿ, ಸಿಪಿಪಿ ಮತ್ತು ಇಐ ಉದ್ದೇಶಕ್ಕೆ ನೀವು ನೌಕರರೋ ಅಲ್ಲವೋ ಅಂತ ತೀರ್ಪು ಕೇಳಬಹುದು. ಕೆಲಸ ಮಾಡಿದ ವರ್ಷದ ಮುಂದಿನ ವರ್ಷ ಜೂನ್ 29ರೊಳಗೆ ಕೇಳಬೇಕು. ಖರ್ಚಿಲ್ಲ. ಆದರೆ ಏಜೆನ್ಸಿ ಕಂಪನಿಯನ್ನೂ ವಿಚಾರಿಸುತ್ತದೆ, ಹಾಗಾಗಿ ಗುಟ್ಟಾಗಿ ಆಗುವ ಕೆಲಸ ಅಲ್ಲ.

ಒಂದು ವಿನಾಯಿತಿ ಗೊತ್ತಿರಲಿ. 2023ರ ಜನವರಿಯಿಂದ, ತಮ್ಮ ಸ್ವಂತ ಕಾರ್ಪೊರೇಷನ್ ಮೂಲಕ ಲಿಖಿತ ಒಪ್ಪಂದದ ಮೇಲೆ ಗಂಟೆಗೆ ಕನಿಷ್ಠ 60 ಡಾಲರ್ ಪಡೆಯುವ ಐಟಿ ಕನ್ಸಲ್ಟೆಂಟ್‌ಗಳನ್ನು ಒಂಟಾರಿಯೊ ಇಎಸ್‌ಎಯಿಂದಲೇ ಹೊರಗಿಟ್ಟಿದೆ. ಅವರು ದೊಡ್ಡ ಬಿಲ್ ರೇಟ್ ನೋಡಿ ಖುಷಿಪಡುವ ಮೊದಲು ರಜೆ, ನೋಟಿಸ್ ಎರಡೂ ಇಲ್ಲ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಹೆಜ್ಜೆ 3: ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ

ಎಲ್ಲರೂ ಸಂಬಳದ ಸಾಲು ನೋಡುತ್ತಾರೆ. ನೀವು ಮೊದಲು 'ಟರ್ಮಿನೇಷನ್' ಅಂತ ಬರೆದಿರುವ ಭಾಗ ಓದಿ. ಮುಂದೆ ನಿಮ್ಮ ಕೈಗೆ ಎಷ್ಟು ಹಣ ಬರುತ್ತದೆ ಅನ್ನುವುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗಿರುತ್ತದೆ.

ಯಾಕೆ ಅಂದರೆ, ಕೆನಡಾದಲ್ಲಿ ಕಾರಣವಿಲ್ಲದೆಯೂ ಕೆಲಸದಿಂದ ತೆಗೆಯಬಹುದು, ಆದರೆ ನೋಟಿಸ್ ಅಥವಾ ಅದರ ಬದಲು ಹಣ ಕೊಡಬೇಕು. ಅಮೆರಿಕದಲ್ಲಿರುವಂತೆ 'ಇವತ್ತು ಹೋಗು' ಅಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಇಎಸ್‌ಎ ಹೇಳುವುದು ಕನಿಷ್ಠ ಮೊತ್ತ ಮಾತ್ರ. ಅದರ ಮೇಲೆ ಕಾಮನ್ ಲಾ (ನ್ಯಾಯಾಲಯಗಳ ತೀರ್ಪುಗಳಿಂದ ಬೆಳೆದ ಕಾನೂನು) ಪ್ರಕಾರ 'ಸಮಂಜಸ ನೋಟಿಸ್' ಅಂತ ಒಂದಿದೆ. 1960ರ ಬಾರ್ಡಲ್ ತೀರ್ಪಿನಿಂದ ಇವತ್ತಿನವರೆಗೂ ನ್ಯಾಯಾಲಯಗಳು ವಯಸ್ಸು, ಸೇವೆಯ ಅವಧಿ, ಹುದ್ದೆಯ ಸ್ವರೂಪ, ಅಂಥದ್ದೇ ಕೆಲಸ ಮತ್ತೆ ಸಿಗುವ ಸಾಧ್ಯತೆ, ಈ ನಾಲ್ಕನ್ನು ನೋಡಿ ಅದನ್ನು ಲೆಕ್ಕ ಹಾಕುತ್ತವೆ. ಸಾಮಾನ್ಯವಾಗಿ ಇದು ಇಎಸ್‌ಎ ಮೊತ್ತಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಟರ್ಮಿನೇಷನ್ ಕಲಂ ಇರುವುದೇ ಈ ದೊಡ್ಡ ಮೊತ್ತವನ್ನು ತಪ್ಪಿಸಿ 'ಇಎಸ್‌ಎ ಕನಿಷ್ಠ ಮಾತ್ರ' ಅಂತ ಕಟ್ಟಿಹಾಕಲು. ಆದರೆ ಆ ಕಲಂ ಇಎಸ್‌ಎಗಿಂತ ಕಡಿಮೆ ಕೊಡುವ ಹಾಗೆ ಬರೆದಿದ್ದರೆ ಅದು ರದ್ದು, ಕಾಮನ್ ಲಾ ನೋಟಿಸ್ ವಾಪಸ್ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1992ರಲ್ಲಿ ಮ್ಯಾಕ್ಟಿಂಗರ್ ಪ್ರಕರಣದಲ್ಲಿ ಹೇಳಿತು. 2020ರಲ್ಲಿ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ ವಾಕ್ಸ್‌ಡೇಲ್ ತೀರ್ಪಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಟರ್ಮಿನೇಷನ್‌ಗೆ ಸಂಬಂಧಿಸಿದ ಒಂದು ಕಲಂ ಕೆಟ್ಟರೆ ಉಳಿದದ್ದೂ ಕೆಟ್ಟ ಹಾಗೆ ಅಂದಿತು. ಅದಾದ ಮೇಲೆ ಕಂಪನಿಗಳ ಎಷ್ಟೋ ಹಳೇ ಒಪ್ಪಂದಗಳು ನ್ಯಾಯಾಲಯದಲ್ಲಿ ಉಳಿಯಲಿಲ್ಲ. ಹಾಗಾಗಿ "ನಾನೇ ಸಹಿ ಹಾಕಿದ್ದೆ, ಇನ್ನೇನು ಮಾಡೋಕಾಗತ್ತೆ" ಅಂತ ಕೈಚೆಲ್ಲಬೇಡಿ.

ಒಪ್ಪಂದದಲ್ಲಿ ಇನ್ನೂ ಕೆಲವನ್ನು ಗಮನಿಸಿ. 2021ರ ಅಕ್ಟೋಬರ್ 25ರಿಂದ ಒಂಟಾರಿಯೊದಲ್ಲಿ ನಾನ್-ಕಂಪೀಟ್ (ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅನ್ನುವ) ಕರಾರು ಮಾಡುವಂತಿಲ್ಲ, ಸಿಇಒ ಮಟ್ಟದವರು ಮತ್ತು ವ್ಯಾಪಾರ ಮಾರಿದವರನ್ನು ಬಿಟ್ಟು. 'ಮೂರು ತಿಂಗಳು ಪ್ರೊಬೇಷನ್' ಅಂದರೆ ಆ ಅವಧಿಯಲ್ಲಿ ಇಎಸ್‌ಎ ನೋಟಿಸ್ ಇಲ್ಲ ಅಂತ ಅಷ್ಟೇ, ಸಂಬಳ ಸುರಕ್ಷತೆ ಇತ್ಯಾದಿ ಎಲ್ಲ ಮೊದಲ ಗಂಟೆಯಿಂದಲೇ ಇರುತ್ತವೆ. 'ಟ್ರಯಲ್ ಶಿಫ್ಟ್' ಅಂತ ಸುಮ್ನೆ ದುಡಿಸಿಕೊಂಡು ಕಳಿಸುವಂತಿಲ್ಲ, ಆ ಗಂಟೆಗಳಿಗೂ ಸಂಬಳ ಕೊಡಬೇಕು. ಕೆಲಸ ಶುರುವಾದ ಮೇಲೆ ಹೊಸ ಕಾಗದ ತಂದು "ಇದಕ್ಕೂ ಸಹಿ ಹಾಕಿ" ಅಂದರೆ, ಬದಲಿಗೆ ನಿಮಗೇನೂ ಕೊಡದಿದ್ದ ಪಕ್ಷದಲ್ಲಿ ಅದು ನಿಲ್ಲುವುದೇ ಅನುಮಾನ.

ಬೆಂಗಳೂರಿನಿಂದ ಬಂದವರಿಗೆ ಒಂದು ಮಾತು. 90 ದಿನದ ನೋಟಿಸ್ ಪೀರಿಯಡ್, ರಿಲೀವಿಂಗ್ ಲೆಟರ್, ಬೈಔಟ್ ಇವುಗಳ ಹೆದರಿಕೆ ಇಲ್ಲಿ ಬೇಡ. ರಾಜೀನಾಮೆಗೆ ಎರಡು ವಾರ ಮುಂಚೆ ತಿಳಿಸುವುದು ವಾಡಿಕೆ. ನಿಮ್ಮ ಒಪ್ಪಂದದಲ್ಲಿ ಬೇರೆ ಏನಾದರೂ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ರಿಲೀವಿಂಗ್ ಲೆಟರ್ ಇಲ್ಲ ಅಂತ ಯಾರೂ ಮುಂದಿನ ಕೆಲಸ ತಡೆಯುವುದಿಲ್ಲ.

ಇನ್ನೂ ಹುಡುಕಾಟದಲ್ಲಿರುವವರಿಗೆ: 2026ರ ಜನವರಿ 1ರಿಂದ ಒಂಟಾರಿಯೊದಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಸಾರ್ವಜನಿಕ ಜಾಹೀರಾತಿನಲ್ಲಿ ಸಂಬಳದ ಶ್ರೇಣಿ ಹಾಕಬೇಕು. 'ಕೆನಡಿಯನ್ ಅನುಭವ ಬೇಕು' ಅಂತ ಕೇಳುವಂತಿಲ್ಲ. ಸಂದರ್ಶನಕ್ಕೆ ಕರೆದಿದ್ದರೆ ಕೊನೆಯ ಸಂದರ್ಶನವಾಗಿ 45 ದಿನದೊಳಗೆ ಆ ಹುದ್ದೆಯ ತೀರ್ಮಾನ ಆಯಿತೋ ಇಲ್ಲವೋ ತಿಳಿಸಬೇಕು. ವಲಸಿಗರನ್ನು ಇಷ್ಟು ವರ್ಷ ಕಾಡಿದ 'ಕೆನಡಿಯನ್ ಅನುಭವ'ದ ಗೋಳು ಇದರಿಂದಲೇ ಮುಗಿಯುತ್ತದೆ ಅಂತ ನಾನು ನಂಬಿಲ್ಲ. ಜಾಹೀರಾತಿನಿಂದ ಹೋದದ್ದು ಸಂದರ್ಶನದಲ್ಲಿ ಬೇರೆ ರೂಪದಲ್ಲಿ ಬರಬಹುದು. ಆದರೂ ಹಿಡಿದು ಕೇಳಲು ಒಂದು ಆಧಾರ ಸಿಕ್ಕಿತು.

ಹೆಜ್ಜೆ 4: ಪೇ ಸ್ಟಬ್ ಓದಿ, ಲೆಕ್ಕ ಹಾಕಿ

ಒಂಟಾರಿಯೊದ ಕನಿಷ್ಠ ವೇತನ 2025ರ ಅಕ್ಟೋಬರ್ 1ರಿಂದ ಗಂಟೆಗೆ 17.60 ಡಾಲರ್. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಇದು ಬೆಲೆಯೇರಿಕೆಗೆ ತಕ್ಕಂತೆ ಬದಲಾಗುತ್ತದೆ. ನೀವು ಓದುವ ಹೊತ್ತಿಗೆ ಎಷ್ಟಿದೆ ಅಂತ ಒಮ್ಮೆ ನೋಡಿಕೊಳ್ಳಿ.

ವಾರಕ್ಕೆ 44 ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಓವರ್‌ಟೈಮ್. ಕಾಫಿ ಅಂಗಡಿಯಲ್ಲಿ ಕನಿಷ್ಠ ವೇತನಕ್ಕೆ ಒಬ್ಬರು ವಾರಕ್ಕೆ 50 ಗಂಟೆ ನಿಂತರು ಅನ್ನಿ. ಮೊದಲ 44 ಗಂಟೆಗೆ 774.40. ಉಳಿದ 6 ಗಂಟೆಗೆ 26.40ರಂತೆ 158.40. ಒಟ್ಟು 932.80 ಡಾಲರ್. ಮಾಲೀಕ ಎಲ್ಲಕ್ಕೂ ಒಂದೇ ದರ ಹಾಕಿ 880 ಕೊಟ್ಟರೆ ವಾರಕ್ಕೆ 52.80 ಕಡಿಮೆ. ಇದು ಚಿಲ್ಲರೆ ಅನ್ನಿಸಬಹುದು. ಇದೇ ರೀತಿ ವರ್ಷವಿಡೀ ನಡೆದರೆ 2,700 ಡಾಲರ್ ದಾಟುತ್ತದೆ.

"ನನ್ನದು ಸ್ಯಾಲರಿ, ನನಗೆ ಓವರ್‌ಟೈಮ್ ಇಲ್ಲ" ಅನ್ನುವುದು ತಪ್ಪು ನಂಬಿಕೆ. ತಿಂಗಳ ಸಂಬಳವಾದ ಮಾತ್ರಕ್ಕೆ ಓವರ್‌ಟೈಮ್ ಹೋಗುವುದಿಲ್ಲ, ಕೆಲಸದ ಬಗೆಯಿಂದ ಹೋಗುತ್ತದೆ. ಮ್ಯಾನೇಜರ್‌ಗಳಿಗೆ ಇಲ್ಲ. ಮತ್ತೆ, ನಮ್ಮವರಿಗೆ ಬೇಸರದ ಸುದ್ದಿ, ಒಂಟಾರಿಯೊದಲ್ಲಿ 'ಇನ್ಫರ್ಮೇಷನ್ ಟೆಕ್ನಾಲಜಿ ಪ್ರೊಫೆಷನಲ್' ಅನ್ನಿಸಿಕೊಂಡವರಿಗೂ ಓವರ್‌ಟೈಮ್ ಇಲ್ಲ, ಕೆಲಸದ ಗಂಟೆಗಳ ಮಿತಿಯೂ ಇಲ್ಲ. ಆದರೆ ಐಟಿ ಕಂಪನಿಯಲ್ಲಿ ಇದ್ದವರೆಲ್ಲ ಆ ಗುಂಪಿಗೆ ಬರುವುದಿಲ್ಲ. ವಿಶೇಷ ಪರಿಣತಿ, ಸ್ವಂತ ತೀರ್ಮಾನ ಬಳಸಿ ಸಿಸ್ಟಂ ವಿನ್ಯಾಸ, ಅಭಿವೃದ್ಧಿ, ನಿರ್ವಹಣೆ ಮಾಡುವವರು ಬರುತ್ತಾರೆ. ಸ್ಕ್ರಿಪ್ಟ್ ನೋಡಿ ಪಾಸ್‌ವರ್ಡ್ ರೀಸೆಟ್ ಮಾಡಿಕೊಡುವ ಹೆಲ್ಪ್‌ಡೆಸ್ಕ್ ಹುಡುಗನನ್ನು ಆ ಪಟ್ಟಿಗೆ ಸೇರಿಸುವುದು ಕಷ್ಟ. ಕೇಂದ್ರದ ವ್ಯಾಪ್ತಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ 8 ಅಥವಾ ವಾರಕ್ಕೆ 40 ಗಂಟೆ ದಾಟಿದರೆ ಓವರ್‌ಟೈಮ್.

ಇನ್ನೆರಡು ಚಿಕ್ಕ ನಿಯಮ. ಸತತ ಐದು ಗಂಟೆ ಕೆಲಸದೊಳಗೆ ಅರ್ಧ ಗಂಟೆ ಊಟದ ಬಿಡುವು ಕೊಡಬೇಕು (ಇದಕ್ಕೆ ಸಂಬಳ ಇಲ್ಲದಿರಬಹುದು). ಸಾಮಾನ್ಯವಾಗಿ ಮೂರು ಗಂಟೆಗಿಂತ ಹೆಚ್ಚು ಶಿಫ್ಟ್ ಇರುವವರನ್ನು ಕರೆಸಿ "ಇವತ್ತು ಗಿರಾಕಿ ಇಲ್ಲ, ಮನೆಗೆ ಹೋಗು" ಅಂತ ಬೇಗ ಕಳಿಸಿದರೆ ಮೂರು ಗಂಟೆಯ ಸಂಬಳ ಕೊಡಬೇಕು.

ಈಗ ಕಡಿತದ ಸಾಲುಗಳಿಗೆ ಬನ್ನಿ. ಆದಾಯ ತೆರಿಗೆ, ಸಿಪಿಪಿ, ಇಐ ಕಡಿತ ಸರಿ. ಕೋರ್ಟ್ ಆದೇಶ ಇದ್ದರೆ ಅದೂ ಸರಿ. ಬೇರೆ ಯಾವುದಕ್ಕೇ ಆದರೂ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಅದರಲ್ಲಿ ಎಷ್ಟು ಅಂತ ಮೊತ್ತವೋ ಲೆಕ್ಕದ ಸೂತ್ರವೋ ಇರಬೇಕು. ಗ್ಯಾಸ್ ಸ್ಟೇಷನ್‌ನಲ್ಲಿ ಯಾರೋ ಪೆಟ್ರೋಲ್ ತುಂಬಿಸಿಕೊಂಡು ದುಡ್ಡು ಕೊಡದೆ ಓಡಿಹೋದರೆ ಆ ಹಣವನ್ನು ರಾತ್ರಿ ಶಿಫ್ಟ್‌ನ ವಿದ್ಯಾರ್ಥಿಯ ಸಂಬಳದಲ್ಲಿ ಹಿಡಿಯುವುದು ಕಾನೂನುಬಾಹಿರ. ಒಪ್ಪಿಗೆ ಪತ್ರ ಬರೆಸಿಕೊಂಡಿದ್ದರೂ ಅಷ್ಟೆ. ರೆಸ್ಟೋರೆಂಟ್‌ನಲ್ಲಿ ಬಿಲ್ ಕೊಡದೆ ಹೋದವರದ್ದೂ ಹೀಗೆಯೇ. ಟಿಪ್ಸ್ ಕೂಡ ಮಾಲೀಕ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ.

ನಿಮ್ಮ ಕಡೆಯಿಂದ ಮಾಡಬೇಕಾದ್ದು ಇಷ್ಟು. ಫೋನಿನಲ್ಲಿ ಪ್ರತಿದಿನ ಬಂದ ಸಮಯ, ಹೋದ ಸಮಯ, ಊಟದ ಬಿಡುವು ಬರೆದಿಡಿ. ಶಿಫ್ಟ್ ಪಟ್ಟಿಯ ಫೋಟೊ ತೆಗೆದಿಡಿ. ಪೇ ಸ್ಟಬ್‌ಗಳನ್ನು ಆಫೀಸ್ ಇಮೇಲ್‌ನಲ್ಲಿ ಬಿಡದೆ ಸ್ವಂತ ಇಮೇಲ್‌ಗೆ ಇಳಿಸಿಕೊಳ್ಳಿ, ಕೆಲಸ ಹೋದ ದಿನ ಲಾಗಿನ್ ಮೊದಲು ಹೋಗುತ್ತದೆ. ಆದರೆ ಕಂಪನಿಯ ಗೌಪ್ಯ ಕಡತಗಳನ್ನು ಹಾಗೆ ಕಳಿಸಿಕೊಳ್ಳಬೇಡಿ, ಅದು ತಿರುಗಿ ನಿಮ್ಮ ಮೇಲೆಯೇ ಬರುತ್ತದೆ. ಗಂಟೆಗಳ ದಾಖಲೆಯನ್ನು ಮೂರು ವರ್ಷ ಇಡುವುದು ಮಾಲೀಕನ ಹೊಣೆ. ಅವನು ಇಡದಿದ್ದರೆ ತನಿಖೆಯಲ್ಲಿ ನಿಮ್ಮ ಫೋನಿನ ಟಿಪ್ಪಣಿಗೆ ಬೆಲೆ ಬರುತ್ತದೆ.

ಹೆಜ್ಜೆ 5: ರಜೆಗಳು

ವರ್ಷಕ್ಕೆ ಎರಡು ವಾರ ರಜೆ, ಗಳಿಕೆಯ 4% ರಜೆ ಹಣ. ಐದು ವರ್ಷ ಆದ ಮೇಲೆ ಮೂರು ವಾರ, 6%. ಕೇಂದ್ರದಲ್ಲಿ ಹತ್ತು ವರ್ಷಕ್ಕೆ ನಾಲ್ಕು ವಾರ, 8%. ಪಾರ್ಟ್‌ಟೈಮ್‌ನವರಿಗೂ ಇದು ಅನ್ವಯಿಸುತ್ತದೆ.

ಒಂಟಾರಿಯೊದಲ್ಲಿ ಸಾರ್ವಜನಿಕ ರಜೆ ಒಂಬತ್ತು. ದೀಪಾವಳಿ, ಯುಗಾದಿ ಆ ಪಟ್ಟಿಯಲ್ಲಿಲ್ಲ. ಆದರೆ ಧಾರ್ಮಿಕ ಆಚರಣೆಗೆ ಹೊಂದಾಣಿಕೆ ಮಾಡಿಕೊಡಿ ಅಂತ ಮಾನವ ಹಕ್ಕು ಕಾನೂನಿನಡಿ ಕೇಳಬಹುದು, ಶಿಫ್ಟ್ ಬದಲಿಸಿಕೊಳ್ಳುವುದೋ ರಜೆ ಹೊಂದಿಸಿಕೊಳ್ಳುವುದೋ ಏನಾದರೂ. ಮುಂಚಿತವಾಗಿ, ಬರಹದಲ್ಲಿ ಕೇಳಿ. ಸಾರ್ವಜನಿಕ ರಜೆಯ ಸಂಬಳದ ಲೆಕ್ಕ ಸುಲಭ: ಆ ವಾರಕ್ಕೆ ಮುಂಚಿನ ನಾಲ್ಕು ವಾರದ ಮಾಮೂಲು ಗಳಿಕೆ, ಆಗ ಸಿಗಬೇಕಿದ್ದ ರಜೆ ಹಣ, ಎರಡನ್ನೂ ಕೂಡಿಸಿ 20ರಿಂದ ಭಾಗಿಸಿ. ನಾಲ್ಕು ವಾರದಲ್ಲಿ 80 ಗಂಟೆ ಕನಿಷ್ಠ ವೇತನಕ್ಕೆ ದುಡಿದವರಿಗೆ ಬರೀ ಗಳಿಕೆಯ ಮೇಲೆಯೇ 70.40 ಡಾಲರ್ ಬರುತ್ತದೆ. ಪಾರ್ಟ್‌ಟೈಮ್‌ನವರಿಗೆ ಇದನ್ನು ಕೊಡದೆ ಬಿಡುವುದು ಮಾಮೂಲಿ ಕಳ್ಳಾಟ.

ಹುಷಾರಿಲ್ಲದಾಗ: 2024ರ ಅಕ್ಟೋಬರ್ 28ರಿಂದ, ಆ ಮೂರು ದಿನದ ಸಿಕ್ ಲೀವ್‌ಗೆ ಮಾಲೀಕ ಡಾಕ್ಟರ್ ಚೀಟಿ ಕೇಳುವಂತಿಲ್ಲ. ಕೇಂದ್ರದ ವ್ಯಾಪ್ತಿಯವರಿಗೆ 2022ರ ಡಿಸೆಂಬರ್‌ನಿಂದ ವರ್ಷಕ್ಕೆ ಹತ್ತು ದಿನದವರೆಗೆ ಸಂಬಳ ಸಹಿತ ರಜೆ ಇದೆ.

ಹೆರಿಗೆ ರಜೆಯಲ್ಲಿ ಎರಡು ವಿಷಯ ಬೆರೆತುಹೋಗುತ್ತವೆ. ಕೆಲಸ ಉಳಿಸುವುದು ಪ್ರಾಂತ್ಯದ ಕಾನೂನು, ಹಣ ಕೊಡುವುದು ಕೇಂದ್ರದ ಇಐ. ಒಂಟಾರಿಯೊದಲ್ಲಿ ಹೆರಿಗೆ ರಜೆ 17 ವಾರ, ಅದಾದ ಮೇಲೆ ಪೇರೆಂಟಲ್ ರಜೆ 61 ವಾರ. ಅಪ್ಪನಿಗೆ 63 ವಾರ. ಹೆರಿಗೆ ರಜೆಗೆ, ಡಾಕ್ಟರ್ ಕೊಟ್ಟ ಹೆರಿಗೆ ದಿನಾಂಕಕ್ಕೆ 13 ವಾರ ಮುಂಚೆಯೇ ಕೆಲಸಕ್ಕೆ ಸೇರಿರಬೇಕು. ಇಐ ಹಣಕ್ಕೆ 600 ಗಂಟೆಯ ವಿಮಾ ಕೆಲಸ ಬೇಕು. ತಾಯಿಗೆ 15 ವಾರ. ಆಮೇಲೆ ಅಪ್ಪ ಅಮ್ಮ ಹಂಚಿಕೊಳ್ಳುವಂತೆ 40 ವಾರ (ಒಬ್ಬರಿಗೇ ಆದರೆ 35) ಗಳಿಕೆಯ 55%ರಂತೆ, ಅಥವಾ 69 ವಾರ (ಒಬ್ಬರಿಗೆ 61) 33%ರಂತೆ, ಒಂದು ಗರಿಷ್ಠ ಮಿತಿಯೊಳಗೆ. ರಜೆ ಮುಗಿಸಿ ಬಂದಾಗ ಅದೇ ಹುದ್ದೆ ಕೊಡಬೇಕು, ಅದು ಇಲ್ಲವಾಗಿದ್ದರೆ ಸಮಾನ ಹುದ್ದೆ. ಗರ್ಭಿಣಿ ಅಂತ ಗೊತ್ತಾದ ಕೂಡಲೇ 'ಪರ್ಫಾರ್ಮೆನ್ಸ್ ಸರಿಯಿಲ್ಲ' ಅನ್ನುವ ಇಮೇಲ್‌ಗಳು ಶುರುವಾದರೆ ಆ ದಿನಾಂಕಗಳನ್ನು ಜೋಪಾನ ಮಾಡಿ.

ಹೆಜ್ಜೆ 6: ಅಪಾಯದ ಕೆಲಸಕ್ಕೆ 'ಆಗಲ್ಲ' ಅನ್ನುವುದು

ಸುರಕ್ಷತಾ ಕಾನೂನಿನಡಿ ನಿಮಗೆ ಮೂರು ಹಕ್ಕು: ಅಪಾಯ ಏನು ಅಂತ ತಿಳಿಯುವ ಹಕ್ಕು, ಸುರಕ್ಷತೆಯ ಕೆಲಸದಲ್ಲಿ ಪಾಲ್ಗೊಳ್ಳುವ ಹಕ್ಕು, ಅಪಾಯಕಾರಿ ಕೆಲಸ ನಿರಾಕರಿಸುವ ಹಕ್ಕು. ಮೂರನೆಯದನ್ನು ಬಳಸುವ ಕ್ರಮ ಗೊತ್ತಿರಬೇಕು, ಇಲ್ಲದಿದ್ದರೆ ಅದು ಬರೀ ಜಗಳವಾಗಿ ಕಾಣುತ್ತದೆ.

ಫೋರ್ಕ್‌ಲಿಫ್ಟ್‌ನ ಬ್ರೇಕ್ ಸರಿ ಹಿಡಿಯುತ್ತಿಲ್ಲ ಅಂತಿಟ್ಟುಕೊಳ್ಳಿ. ಮನೆಗೆ ಹೋಗಬೇಡಿ. ತಕ್ಷಣ ಸೂಪರ್‌ವೈಸರ್‌ಗೆ ಹೇಳಿ: "ಬ್ರೇಕ್ ಹಿಡಿಯುತ್ತಿಲ್ಲ, ಇದು ಸುರಕ್ಷಿತ ಅಲ್ಲ, ನಾನು ಕೆಲಸ ನಿರಾಕರಿಸುತ್ತಿದ್ದೇನೆ." ಈ ಕೊನೆಯ ಮಾತು ಸ್ಪಷ್ಟವಾಗಿರಲಿ. ಹತ್ತಿರದ ಸುರಕ್ಷಿತ ಜಾಗದಲ್ಲಿ ನಿಲ್ಲಿ. ಸೂಪರ್‌ವೈಸರ್ ನಿಮ್ಮ ಮತ್ತು ಕಾರ್ಮಿಕರ ಸುರಕ್ಷತಾ ಪ್ರತಿನಿಧಿಯ ಎದುರೇ ಪರಿಶೀಲಿಸಬೇಕು. ಅದಾದ ಮೇಲೂ ಅಪಾಯ ಇದೆ ಅನ್ನಲು ನಿಮಗೆ ಕಾರಣವಿದ್ದರೆ ಕಾರ್ಮಿಕ ಸಚಿವಾಲಯದ ಇನ್‌ಸ್ಪೆಕ್ಟರ್ ಕರೆಸಬೇಕು. ಅಲ್ಲಿಯವರೆಗೆ ಅದೇ ಕೆಲಸಕ್ಕೆ ಇನ್ನೊಬ್ಬರನ್ನು ಹಚ್ಚುವುದಾದರೆ, ನೀವು ನಿರಾಕರಿಸಿದ್ದೀರಿ ಮತ್ತು ಯಾಕೆ ಅಂತ ಅವರಿಗೆ ಹೇಳಲೇಬೇಕು. ಇದಕ್ಕೆ ಸೇಡು ತೀರಿಸಿಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ.

ಪೆಟ್ಟಾದರೆ ಆ ದಿನವೇ ಮಾಲೀಕನಿಗೆ ಬರಹದಲ್ಲಿ ತಿಳಿಸಿ. ಡಾಕ್ಟರ್ ಹತ್ತಿರ ಹೋದಾಗ "ಕೆಲಸದಲ್ಲಿ ಆಯಿತು" ಅಂತ ಹೇಳಿ. "ಮನೆಯಲ್ಲಿ ಜಾರಿ ಬಿದ್ದೆ ಅನ್ನು, ಸಂಬಳ ನಾನು ಕೊಡ್ತೀನಿ" ಅನ್ನುವ ಮಾಲೀಕರು ಇದ್ದಾರೆ. ಹಾಗೆ ಹೇಳಿಸುವುದು ಅಪರಾಧ, ಆರು ತಿಂಗಳಾದ ಮೇಲೆ ಸೊಂಟ ಹಿಡಿದುಕೊಂಡರೆ ನಿಮಗೆ ದಿಕ್ಕಿಲ್ಲ. ಡಬ್ಲ್ಯುಎಸ್‌ಐಬಿ ಎಂಬ ಪ್ರಾಂತ್ಯದ ಮಂಡಳಿಯ ಕೆಲಸದ ಗಾಯದ ವಿಮೆಗೆ ಅರ್ಜಿ ಹಾಕಲು ಆರು ತಿಂಗಳ ಗಡುವು. ಎಲ್ಲ ಕಂಪನಿಗಳೂ ಈ ವಿಮೆಯಲ್ಲಿ ಇರುವುದಿಲ್ಲ. ಅಲ್ಲಿ ಖಾಸಗಿ ವಿಮೆ ಇದೆಯಾ ಅಂತ ವಿಚಾರಿಸಿ.

ಹೆಜ್ಜೆ 7: ತಾರತಮ್ಯ, ಕಿರುಕುಳ

ಜನಾಂಗ, ಬಣ್ಣ, ಹುಟ್ಟಿದ ದೇಶ, ಧರ್ಮ, ಲಿಂಗ, ಗರ್ಭಧಾರಣೆ, ವಯಸ್ಸು, ಅಂಗವೈಕಲ್ಯ, ಕುಟುಂಬದ ಜವಾಬ್ದಾರಿ ಇವುಗಳ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ. ಜಾತಿಯ ವಿಷಯವನ್ನೂ ಬಿಟ್ಟಿಲ್ಲ. ಜಾತಿ ತಾರತಮ್ಯವೂ ಪ್ರಾಂತ್ಯದ ಮಾನವ ಹಕ್ಕು ಸಂಹಿತೆಯಡಿ ಬರುತ್ತದೆ ಅಂತ ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2023ರ ಅಕ್ಟೋಬರ್‌ನಲ್ಲಿ ಸ್ಪಷ್ಟ ನಿಲುವು ಪ್ರಕಟಿಸಿದೆ. ಟೀಮಿನಲ್ಲಿ ಬಹುತೇಕ ಭಾರತೀಯರೇ ಇದ್ದಾಗ "ನಿಮ್ಮ ಸರ್‌ನೇಮ್ ಏನು, ಮನೆಯಲ್ಲಿ ನಾನ್‌ವೆಜ್ ತಿಂತೀರಾ" ಅಂತ ಶುರುವಾಗುವ ವಿಚಾರಣೆ ಎಲ್ಲಿಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು. ಕೆನಡಿಯನ್ ಮ್ಯಾನೇಜರ್‌ಗೆ ಅದು ಅರ್ಥವಾಗದೆ ಹೋಗಬಹುದು. ದೂರು ಬರೆಯುವಾಗ ಆ ಪ್ರಶ್ನೆಯ ಹಿಂದಿನ ಅರ್ಥವನ್ನೂ ಬಿಡಿಸಿ ಬರೆಯಿರಿ.

ಮೊದಲು ಕಂಪನಿಯ ಒಳಗೆ ಲಿಖಿತ ದೂರು ಕೊಡಿ. ಕಿರುಕುಳದ ದೂರು ಬಂದರೆ ತನಿಖೆ ಮಾಡಿಸಿ, ಫಲಿತಾಂಶವನ್ನು ಬರಹದಲ್ಲಿ ತಿಳಿಸುವುದು ಮಾಲೀಕನ ಕರ್ತವ್ಯ. ಒಂದು ಮಾತು ನೆನಪಿರಲಿ, ಎಚ್‌ಆರ್‌ನವರು ಎಷ್ಟೇ ಸಜ್ಜನರಾದರೂ ಅವರ ಕೆಲಸ ಕಂಪನಿಯನ್ನು ಕಾಪಾಡುವುದು. ಅಲ್ಲಿ ಆಗದಿದ್ದರೆ ಒಂಟಾರಿಯೊ ಮಾನವ ಹಕ್ಕುಗಳ ಟ್ರಿಬ್ಯುನಲ್‌ಗೆ ಹೋಗಬಹುದು, ಕೊನೆಯ ಘಟನೆಯಿಂದ ಒಂದು ವರ್ಷದೊಳಗೆ. ಹ್ಯೂಮನ್ ರೈಟ್ಸ್ ಲೀಗಲ್ ಸಪೋರ್ಟ್ ಸೆಂಟರ್ ಉಚಿತ ಸಲಹೆ ಕೊಡುತ್ತದೆ.

ಹೆಜ್ಜೆ 8: ಕೆಲಸದಿಂದ ತೆಗೆದ ದಿನ

ಸಾಮಾನ್ಯವಾಗಿ ಹದಿನೈದು ನಿಮಿಷದ ಮೀಟಿಂಗ್. ಒಂದು ಲಕೋಟೆ. "ಈ ಪ್ಯಾಕೇಜ್ ಒಪ್ಪಿದರೆ ಶುಕ್ರವಾರದೊಳಗೆ ಸಹಿ ಹಾಕಿ ಕಳಿಸಿ." ಅಲ್ಲಿ ಕೂತು ಸಹಿ ಹಾಕಬೇಡಿ. ಆ ಕಾಗದದ ಹೆಸರು 'ರಿಲೀಸ್'. ಸಹಿ ಹಾಕಿದರೆ ಮುಂದೆ ಏನನ್ನೂ ಕೇಳುವುದಿಲ್ಲ ಅಂತ ಬರೆದುಕೊಟ್ಟ ಹಾಗೆ. ಇಎಸ್‌ಎ ಪ್ರಕಾರ ಬರಬೇಕಾದ ಹಣವನ್ನು ಸಹಿ ಇಲ್ಲದೆಯೂ ಕೊಡಲೇಬೇಕು, ಏಳು ದಿನದೊಳಗೆ ಅಥವಾ ಮುಂದಿನ ಸಂಬಳದ ದಿನ, ಯಾವುದು ತಡವೋ ಅಂದು. ಸಹಿ ಬೇಕಾಗುವುದು ಅದಕ್ಕಿಂತ ಮೇಲಿನ ಮೊತ್ತಕ್ಕೆ ಮಾತ್ರ. "ವಕೀಲರಿಗೆ ತೋರಿಸಲು ಒಂದು ವಾರ ಸಮಯ ಬೇಕು" ಅಂತ ಇಮೇಲ್ ಮಾಡಿ. ಬಹುತೇಕ ಕಂಪನಿಗಳು ಒಪ್ಪುತ್ತವೆ.

ಲೆಕ್ಕ ಹೀಗೆ. ಇಎಸ್‌ಎ ನೋಟಿಸ್: ಮೂರು ತಿಂಗಳಿಂದ ಒಂದು ವರ್ಷದೊಳಗೆ ಒಂದು ವಾರ. ಒಂದರಿಂದ ಮೂರು ವರ್ಷದೊಳಗೆ ಎರಡು ವಾರ. ಆಮೇಲೆ ವರ್ಷಕ್ಕೊಂದು ವಾರದಂತೆ ಗರಿಷ್ಠ ಎಂಟು. ಇದರ ಜೊತೆಗೆ ಸೆವರೆನ್ಸ್ ಪೇ ಅಂತ ಬೇರೆಯೇ ಇದೆ. ಐದು ವರ್ಷ ಸೇವೆ ಆಗಿರಬೇಕು, ಕಂಪನಿಯ ವಾರ್ಷಿಕ ಸಂಬಳದ ಮೊತ್ತ 25 ಲಕ್ಷ ಡಾಲರ್ ಇರಬೇಕು. ಅಂಥವರಿಗೆ ವರ್ಷಕ್ಕೊಂದು ವಾರ, ಗರಿಷ್ಠ 26. ವಾರಕ್ಕೆ 1,500 ಡಾಲರ್ ಸಂಬಳದಲ್ಲಿ 6 ವರ್ಷ 4 ತಿಂಗಳು ದುಡಿದವರಿಗೆ ನೋಟಿಸ್ ಬದಲು 9,000, ಸೆವರೆನ್ಸ್ 9,500, ಒಟ್ಟು 18,500. ಇದು ಕನಿಷ್ಠ. ಟರ್ಮಿನೇಷನ್ ಕಲಂ ನಿಲ್ಲದಿದ್ದರೆ ಕಾಮನ್ ಲಾ ಪ್ರಕಾರ ಇನ್ನೂ ಜಾಸ್ತಿ ಸಿಗಬಹುದು. ಅದಕ್ಕೇ ವಕೀಲರಿಗೆ ತೋರಿಸಿ ಅಂದದ್ದು. ಈ ಲೆಕ್ಕ ಹಾಕುವಾಗ ನೀವು ಬೇರೆ ಕೆಲಸ ಹುಡುಕಿದಿರಾ ಅಂತಲೂ ಕೇಳುತ್ತಾರೆ, ಅರ್ಜಿ ಹಾಕಿದ ಕಡೆಗಳ ಪಟ್ಟಿ ಇಟ್ಟಿರಿ.

ಬ್ಯಾಂಕ್, ಟೆಲಿಕಾಂ ನೌಕರರಿಗೆ ಇನ್ನೊಂದು ಬಲವಾದ ಹಕ್ಕಿದೆ. ಮ್ಯಾನೇಜರ್ ಅಲ್ಲದ, ಯೂನಿಯನ್‌ನಲ್ಲಿ ಇಲ್ಲದ, ಸತತ 12 ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ ತೆಗೆದರೆ 'ಅನ್‌ಜಸ್ಟ್ ಡಿಸ್ಮಿಸಲ್' ದೂರು ಕೊಡಬಹುದು. ಕೆಲಸ ವಾಪಸ್ ಕೊಡಿ ಅಂತಲೂ ಆದೇಶ ಬರಬಹುದು. ಹಣ ಕೊಟ್ಟು ಕಳಿಸಿದ ಮಾತ್ರಕ್ಕೆ ಕಂಪನಿಯ ಹೊಣೆ ಮುಗಿಯುವುದಿಲ್ಲ ಅಂತ 2016ರ ವಿಲ್ಸನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಡುವು ಬರೀ 90 ದಿನ. ದುಃಖದಲ್ಲೇ ಮೂರು ತಿಂಗಳು ಕಳೆದುಹೋಗುತ್ತದೆ, ನೋಡಿಕೊಳ್ಳಿ.

ಅದೇ ವಾರ ಇಐಗೆ ಅರ್ಜಿ ಹಾಕಿ, ಕೊನೆಯ ಕೆಲಸದ ದಿನದಿಂದ ನಾಲ್ಕು ವಾರ ದಾಟಬಾರದು. ಕಂಪನಿ ನಿಮ್ಮ ಕೆಲಸದ ಅವಧಿ, ಗಳಿಕೆಯ ದಾಖಲೆಯಾದ ರೆಕಾರ್ಡ್ ಆಫ್ ಎಂಪ್ಲಾಯ್‌ಮೆಂಟ್ ಸಲ್ಲಿಸಬೇಕು. ಅದು ಬರಲಿ ಅಂತ ಕಾಯುತ್ತ ಕೂರಬೇಡಿ, ಅರ್ಜಿ ಮೊದಲು ಹಾಕಬಹುದು.

ಹೆಜ್ಜೆ 9: ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್‌ನಲ್ಲಿದ್ದರೆ

ನಿಮ್ಮ ವೀಸಾ ಯಾವುದೇ ಇರಲಿ, ದುಡಿದ ಗಂಟೆಗೆ ಸಂಬಳ ಕೊಡಲೇಬೇಕು. "ಕ್ಯಾಶ್ ಜಾಬ್, ಹಾಗಾಗಿ ಗಂಟೆಗೆ ಹತ್ತು ಡಾಲರ್" ಅನ್ನುವುದು ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೆ ವಿದ್ಯಾರ್ಥಿಗಳು ತರಗತಿ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಮೀರಬಾರದು. 2024ರ ನವೆಂಬರ್‌ನಿಂದ ಇದು ಜಾರಿಯಲ್ಲಿದೆ. ಕ್ಯಾಶ್ ಆದರೂ ಅದು ಲೆಕ್ಕಕ್ಕೆ ಬರುತ್ತದೆ.

ಎಲ್‌ಎಂಐಎ (ವಿದೇಶಿ ನೌಕರನನ್ನು ತೆಗೆದುಕೊಳ್ಳಲು ಮಾಲೀಕನಿಗೆ ಬೇಕಾದ ಕೇಂದ್ರದ ಒಪ್ಪಿಗೆ) ಕೊಡಿಸುತ್ತೇನೆ ಅಂತ ಹತ್ತಾರು ಸಾವಿರ ಡಾಲರ್ ಕೇಳುವ ಏಜೆಂಟ್‌ಗಳು ನಮ್ಮ ಸಮುದಾಯಗಳ ಒಳಗೇ ಇದ್ದಾರೆ. ಎಲ್‌ಎಂಐಎ ಶುಲ್ಕ ಕಟ್ಟಬೇಕಾದ್ದು ಮಾಲೀಕ, ಅದನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಒಂಟಾರಿಯೊದಲ್ಲಿ ವಿದೇಶಿ ನೌಕರರಿಂದ ನೇಮಕಾತಿ ಶುಲ್ಕ ಕೇಳುವುದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಎರಡೂ ನಿಷಿದ್ಧ. ಕೊಟ್ಟ ಹಣ ವಾಪಸ್ ಕೇಳಲು ಮೂರೂವರೆ ವರ್ಷ ಸಮಯವಿದೆ. ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ ಪರ್ಮಿಟ್‌ನಲ್ಲಿದ್ದು ಅವನಿಂದಲೇ ಹಿಂಸೆ ಆಗುತ್ತಿದ್ದರೆ, ದೌರ್ಜನ್ಯಕ್ಕೊಳಗಾದವರಿಗೆಂದೇ ಇರುವ ಓಪನ್ ವರ್ಕ್ ಪರ್ಮಿಟ್‌ಗೆ ಕೆನಡಾದೊಳಗಿಂದಲೇ ಅರ್ಜಿ ಹಾಕಬಹುದು, ಶುಲ್ಕವಿಲ್ಲ. ಬೆದರಿಕೆಯ ಮೆಸೇಜ್, ವಾಪಸ್ ಕೊಟ್ಟ ಹಣದ ಇ-ಟ್ರಾನ್ಸ್‌ಫರ್ ವಿವರ, ಇವೇ ನಿಮ್ಮ ಸಾಕ್ಷಿ.

ಹೆಜ್ಜೆ 10: ದೂರು ಕೊಡುವುದು

ಮೊದಲು ಮಾಲೀಕನಿಗೆ ಒಂದು ಚಿಕ್ಕ ಇಮೇಲ್ ಕಳಿಸಿ. ಸಿಟ್ಟು ಬೇಡ, ಅಂಕಿ ಸಾಕು: "ಮಾರ್ಚ್ 3ರಿಂದ 9ರ ವಾರ 50 ಗಂಟೆ ಕೆಲಸ ಮಾಡಿದ್ದೇನೆ. 6 ಗಂಟೆಯ ಓವರ್‌ಟೈಮ್‌ನಲ್ಲಿ 52.80 ಡಾಲರ್ ಬಾಕಿ ಇದೆ. ಮುಂದಿನ ಪೇಯಲ್ಲಿ ಸೇರಿಸಿ." ಎಷ್ಟೋ ಸಲ ಇಷ್ಟಕ್ಕೇ ಕೆಲಸ ಆಗುತ್ತದೆ. ಹೆದರಿಕೆ ಇದ್ದರೆ ಈ ಹಂತ ಬಿಟ್ಟು ಸೀದಾ ದೂರು ಕೊಡಬಹುದು.

ಒಂಟಾರಿಯೊ ಕಾರ್ಮಿಕ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಆನ್‌ಲೈನ್ ಅರ್ಜಿ ಇದೆ, ಉಚಿತ. ಎರಡು ವರ್ಷದ ಹಿಂದಿನ ಬಾಕಿಯವರೆಗೆ ಕೇಳಬಹುದು. ಕೆಲಸದಲ್ಲಿ ಇರುವಾಗಲೂ ಕೊಡಬಹುದು, ಬಿಟ್ಟ ಮೇಲೂ ಕೊಡಬಹುದು. ದೂರು ಕೊಟ್ಟದ್ದಕ್ಕೆ ಶಿಫ್ಟ್ ಕಡಿತ ಮಾಡಿದರೆ, ಬೆದರಿಸಿದರೆ ಅದೇ ಇನ್ನೊಂದು ಉಲ್ಲಂಘನೆ. ಬೇರೆ ಪ್ರಾಂತ್ಯದವರು ಗಡುವು ನೋಡಿಕೊಳ್ಳಿ, ಬ್ರಿಟಿಷ್ ಕೊಲಂಬಿಯಾ ಮತ್ತು ಆಲ್ಬರ್ಟಾದಲ್ಲಿ ಕೆಲಸ ಬಿಟ್ಟ ಆರು ತಿಂಗಳೊಳಗೆ, ಕ್ವಿಬೆಕ್‌ನಲ್ಲಿ ಸಂಬಳದ ಬಾಕಿಗೆ ಒಂದು ವರ್ಷ. ಕೇಂದ್ರದ ವ್ಯಾಪ್ತಿಯಲ್ಲಿ ಆರು ತಿಂಗಳು.

ಒಂದು ಬಲೆ ಇದೆ, ಅದರಲ್ಲಿ ಬೀಳಬೇಡಿ. ಕೆಲಸದಿಂದ ತೆಗೆದ ಹಣಕ್ಕಾಗಿ ಸಚಿವಾಲಯಕ್ಕೆ ದೂರು ಕೊಟ್ಟರೆ, ಅದೇ ವಿಷಯಕ್ಕೆ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆ. ಮನಸ್ಸು ಬದಲಿಸಲು ಎರಡೇ ವಾರ ಸಮಯ. ಸಚಿವಾಲಯ ಕೊಡಿಸುವುದು ಇಎಸ್‌ಎ ಕನಿಷ್ಠ ಮಾತ್ರ, ಕಾಮನ್ ಲಾ ಹಣ ಬೇಕಾದರೆ ಕೋರ್ಟ್. 2025ರ ಅಕ್ಟೋಬರ್‌ನಿಂದ ಸ್ಮಾಲ್ ಕ್ಲೇಮ್ಸ್ ಕೋರ್ಟ್‌ನ ಮಿತಿ 50,000 ಡಾಲರ್‌ಗೆ ಏರಿದೆ, ಹಾಗಾಗಿ ಬಹಳಷ್ಟು ಪ್ರಕರಣ ಅಲ್ಲೇ ಮುಗಿಯುತ್ತವೆ. ಹೆಚ್ಚು ವರ್ಷ ದುಡಿದವರು ದೂರಿನ ಬಟನ್ ಒತ್ತುವ ಮೊದಲು ವಕೀಲರೊಂದಿಗೆ ಒಮ್ಮೆ ಮಾತಾಡಿ. ಲಾ ಸೊಸೈಟಿ ಆಫ್ ಒಂಟಾರಿಯೊದ ರೆಫರಲ್ ಸೇವೆಯಲ್ಲಿ ಮೊದಲ ಅರ್ಧ ಗಂಟೆಯವರೆಗೆ ಉಚಿತವಾಗಿ ಮಾತಾಡಬಹುದು. ಆದಾಯ ಕಡಿಮೆ ಇದ್ದರೆ ನಿಮ್ಮ ಏರಿಯಾದ ಕಮ್ಯುನಿಟಿ ಲೀಗಲ್ ಕ್ಲಿನಿಕ್‌ಗೆ ಹೋಗಿ. ಎಲ್ಲಿದೆ ಗೊತ್ತಿಲ್ಲದಿದ್ದರೆ 211ಕ್ಕೆ ಫೋನ್ ಮಾಡಿ ಕೇಳಿ.

ಸಚಿವಾಲಯದ ತೀರ್ಪು ನಿಮ್ಮ ವಿರುದ್ಧ ಬಂದರೆ 30 ದಿನದೊಳಗೆ ಒಂಟಾರಿಯೊ ಲೇಬರ್ ರಿಲೇಷನ್ಸ್ ಬೋರ್ಡ್‌ಗೆ ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಮಾಲೀಕನಿಗೂ ಅದೇ ಅವಕಾಶ ಇದೆ, ಆದರೆ ಸಂಬಳ ಕೊಡಬೇಕು ಅಂತ ಆದೇಶ ಬಂದಿದ್ದರೆ ಅವನು ಮೊದಲು ಆ ಹಣವನ್ನು ಠೇವಣಿ ಇಡಬೇಕು.